ಸೂತ್ರಕ್ಕೊಂದು ಬೀಗ

ಬೀಗವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮ ಮನೆಯಲ್ಲಿ ಬೀಗ ಹಾಕುವ ಅಧಿಕಾರ ನನ್ನ ಹೆಂಡತಿಯದು; ಬೀಗದ ಕೈಯನ್ನು ಎಲ್ಲಿಟ್ಟೆನೆಂದು ಮರೆಯುವ ಅಧಿಕಾರ ಮಾತ್ರ ನನ್ನದು. ಊರಿಗೆ ಹೊರಟಾಗ ಅವಳು ಬಾಗಿಲಿಗೆ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ, ಬೀದಿಯ ತಿರುವಿನಿಂದ ಹಿಂದಿರುಗಿ ಬಂದು ನಾಲ್ಕನೆಯ ಸಲ ಜಗ್ಗುವಳು. "ಕಳ್ಳನಿಗೆ ಬೇಕಾಗುವಂಥದು ನಮ್ಮಲ್ಲಿ ಏನಿದೆ? ಹಳಗನ್ನಡದ ಪುಸ್ತಕಗಳು ತಾನೆ?" ಎಂದು ನಾನು ನಗೆಯಾಡುವುದುಂಟು. ಇಂಥ ನಾನು ಕಬ್ಬಿಣವೂ ಅಲ್ಲದ, ಹಿತ್ತಾಳೆಯೂ ಅಲ್ಲದ, ಕಣ್ಣಿಗೇ ಕಾಣದ ಒಂದು ಬೀಗದ ವಿಷಯದಲ್ಲಿ, ಹಾಕದೆ ಇದ್ದುದರಿಂದ ಒಮ್ಮೆಯೂ ಹಾಕಿದ್ದರಿಂದ ಇನ್ನೊಮ್ಮೆಯೂ ತಲೆ ತಗ್ಗಿಸಬೇಕಾಯಿತು. ಆ ಕಥೆಯನ್ನು ಓದುಗರಲ್ಲಿ ನಿವೇದಿಸಿಕೊಂಡರೆ ಮನಸ್ಸು ಸ್ವಲ್ಪ ಹಗುರಾದೀತೆಂದು ಬರೆಯುತ್ತಿದ್ದೇನೆ.

ನಮ್ಮ ಕನ್ನಡ ವಿಭಾಗದಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯವನು ನಾನು. ಮೂವತ್ತೈದು ದಾಟಿದವನನ್ನು ಹುಡುಗನೆಂದು ಕರೆಯುವ ಸ್ಥಳ ಈ ಭೂಮಿಯ ಮೇಲೆ ಕಾಲೇಜಿನ ಅಧ್ಯಾಪಕರ ಕೊಠಡಿಯೊಂದೇ ಇರಬೇಕು. ಹುಡುಗನಾದುದರಿಂದ ಕಂಪ್ಯೂಟರಿನ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಆಂತರಿಕ ಅಂಕಗಳನ್ನು ಮೊದಲು ಉದ್ದನೆಯ ರಿಜಿಸ್ಟರಿನಲ್ಲಿ ಗೆರೆ ಹೊಡೆದು ಬರೆಯುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ಅವನ್ನು ಎಕ್ಸೆಲ್ ಹಾಳೆಗೆ ಏರಿಸಬೇಕೆಂದು ತೀರ್ಮಾನವಾಯಿತು. ಏರಿಸುವವರು ಯಾರೆಂಬುದರಲ್ಲಿ ಚರ್ಚೆಯೇ ನಡೆಯಲಿಲ್ಲ.

ಅಡ್ಡಗೆರೆ ಉದ್ದಗೆರೆಗಳಿಂದ ಮನೆಮನೆಯಾಗಿ ಹರಡಿದ ಈ ಹಾಳೆಯ ಕಲ್ಪನೆ ಹುಟ್ಟಿದ್ದು ಒಂದು ಕರಿಹಲಗೆಯ ಮುಂದೆ ಎಂಬುದು ನಮ್ಮಂಥ ಮೇಷ್ಟರುಗಳು ಹೆಮ್ಮೆಪಡಬೇಕಾದ ಸಂಗತಿ. ೧೯೭೮ರಲ್ಲಿ ಡ್ಯಾನ್ ಬ್ರಿಕ್ಲಿನ್ ಅವರು ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ವಿದ್ಯಾರ್ಥಿಯಾಗಿದ್ದರು. ಪ್ರೊಫೆಸರರು ಹಲಗೆಯ ಮೇಲೆ ಅಂಕಿಗಳ ಕೋಷ್ಟಕವೊಂದನ್ನು ಬರೆದಿದ್ದರು. ಒಂದು ಅಂಕಿಯನ್ನು ತಿದ್ದಬೇಕಾದಾಗ ಅದನ್ನು ನೆಚ್ಚಿಕೊಂಡ ಮಿಕ್ಕ ಅಂಕಿಗಳನ್ನೂ ಒಂದೊಂದಾಗಿ ಒರೆಸಿ ಬರೆಯುವ ಅವರ ಪಾಡನ್ನು ಬ್ರಿಕ್ಲಿನ್ ಕಂಡರು. ಒಂದನ್ನು ತಿದ್ದಿದರೆ ಉಳಿದುವು ತಾವಾಗಿಯೇ ತಿದ್ದಿಕೊಳ್ಳುವ ಹಲಗೆಯೊಂದಿದ್ದರೆ! ಬಾಬ್ ಫ್ರಾಂಕ್‌ಸ್ಟನ್ ಅವರೊಡಗೂಡಿ ಅವರು ರಚಿಸಿದ ವಿಸಿಕ್ಯಾಲ್ಕ್ ೧೯೭೯ರಲ್ಲಿ ಹೊರಬಂತು. ೧೯೮೫ರಲ್ಲಿ ಬಂದ ಎಕ್ಸೆಲ್ ಅದೇ ವಂಶದ ಕುಡಿ.

ಹಾಗೆ ತಾನಾಗಿ ತಿದ್ದಿಕೊಳ್ಳುವ ಗುಣಕ್ಕೆ ಕಾರಣ ಸೂತ್ರ. ಕನ್ನಡದಲ್ಲಿ ಸೂತ್ರವೆಂಬ ಮಾತಿನ ವ್ಯಾಪ್ತಿ ಬಲು ದೊಡ್ಡದು. ವ್ಯಾಕರಣಕ್ಕೆ ಸೂತ್ರವಿದೆ, ಗೊಂಬೆಯಾಟಕ್ಕೆ ಸೂತ್ರವಿದೆ, ಮಕ್ಕಳ ಗಾಳಿಪಟಕ್ಕೂ ಸೂತ್ರವಿದೆ. ಗಾಳಿಪಟದ ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿದ ಸೂತ್ರ ಕಟ್ಟಿದವನಿಗಷ್ಟೇ ಗೊತ್ತು. ಎಕ್ಸೆಲ್ಲಿನಲ್ಲಿಯೂ ಹಾಗೆಯೇ. ನನ್ನ ಹಾಳೆಯಲ್ಲಿ ವಿದ್ಯಾರ್ಥಿಗೊಂದು ಸಾಲು. ೨೦ ಅಂಕಗಳ ಎರಡು ಕಿರುಪರೀಕ್ಷೆಗಳ ಸರಾಸರಿ, ಪ್ರಬಂಧಕ್ಕೆ ೧೦, ಹಾಜರಿಗೆ ೧೦, ಒಟ್ಟು ೪೦. ಕೊನೆಯ ಮನೆಯಲ್ಲಿ ಕಾಣುವುದು ಮೊತ್ತದ ಅಂಕಿ. ಆದರೆ ಅಲ್ಲಿ ವಾಸವಾಗಿರುವುದು 'ಮೊದಲೆರಡನ್ನು ಕೂಡು, ಅರ್ಧ ಮಾಡು, ಮಿಕ್ಕೆರಡನ್ನು ಸೇರಿಸು' ಎಂಬ ಅಪ್ಪಣೆ. ಯಾರಾದರೂ ಆ ಮನೆಯಲ್ಲಿ ನಿಂತು ಒಂದು ಅಂಕಿಯನ್ನು ಒತ್ತಿದರೆ ಅಪ್ಪಣೆ ಅಳಿದುಹೋಗುತ್ತದೆ, ಅಂಕಿ ಉಳಿಯುತ್ತದೆ. ಬದುಕಿರುವ ಮನೆಗೂ ಸತ್ತ ಮನೆಗೂ ಹೊರನೋಟಕ್ಕೆ ಯಾವ ವ್ಯತ್ಯಾಸವೂ ಕಾಣದು. ಅನರ್ಥದ ಬೀಜವಿರುವುದು ಇಲ್ಲಿ.

ಆ ವರ್ಷ ೧೧೪ ವಿದ್ಯಾರ್ಥಿಗಳ ಒಂದು ತರಗತಿ ನನಗೂ ನನ್ನ ಹಿರಿಯ ಸಹೋದ್ಯೋಗಿಗಳೊಬ್ಬರಿಗೂ ಸೇರಿ ಬಂದಿತ್ತು. ಅವರು ನಿವೃತ್ತಿಯ ಹೊಸ್ತಿಲಿನಲ್ಲಿದ್ದವರು; ಮೂವತ್ತು ವರ್ಷ ನೀಲಿ ಶಾಯಿಯಲ್ಲಿ ಅಂಕ ಬರೆದ ಕೈ. ಹಾಳೆ ಅಧ್ಯಾಪಕರ ಕೊಠಡಿಯ ಕಂಪ್ಯೂಟರಿನಲ್ಲಿತ್ತು. ಬೀಗದ ಯೋಚನೆಯೇ ನನಗೆ ಬರಲಿಲ್ಲ. ಇಬ್ಬರೂ ಅಂಕಗಳನ್ನು ತುಂಬಿದೆವು. ಪಟ್ಟಿಯನ್ನು ಮುದ್ರಿಸಿ ಸೂಚನಾಫಲಕಕ್ಕೆ ಅಂಟಿಸಿದೆವು.

ಮಾರನೆಯ ದಿನ ಮಧ್ಯಾಹ್ನ ಒಬ್ಬ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಡೆಂಗೀ ಜ್ವರದಿಂದ ಎರಡನೆಯ ಕಿರುಪರೀಕ್ಷೆಗೆ ಬರಲಾಗದೆ, ಗುಣವಾದ ಮೇಲೆ ಮರುಪರೀಕ್ಷೆ ಬರೆದವಳು. "ಸಾರ್, ನನ್ನ ಉತ್ತರಪತ್ರಿಕೆಯನ್ನು ಒಮ್ಮೆ ನೋಡಬಹುದೇ? ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡಿದ್ದೆ. ಎಲ್ಲಿ ತಪ್ಪಿದೆನೋ ತಿಳಿಯಲಿಲ್ಲ," ಎಂದಳು. ದೂರು ಹೇಳುವ ದನಿಯಲ್ಲ ಅದು. ಕ್ಷಮೆ ಕೇಳುವವರ ದನಿ. ಕಪಾಟಿನಿಂದ ಪತ್ರಿಕೆಯನ್ನು ತೆಗೆದೆ. ೨೦ಕ್ಕೆ ೧೮! ಕಂಪ್ಯೂಟರಿನ ಹಾಳೆಯನ್ನು ತೆರೆದೆ. ಅಲ್ಲಿಯೂ ೧೮ ಸರಿಯಾಗಿಯೇ ಇತ್ತು. ಮೊದಲ ಪರೀಕ್ಷೆ ೧೬, ಪ್ರಬಂಧ ೭, ಹಾಜರಿ ೬. ಬೆರಳು ಮಡಿಸಿ ಎಣಿಸಿದೆ. ಹದಿನಾರೂ ಹದಿನೆಂಟೂ ಮೂವತ್ತನಾಲ್ಕು, ಅರ್ಧ ಹದಿನೇಳು, ಏಳೂ ಆರೂ ಸೇರಿದರೆ ಮೂವತ್ತು. ಹಾಳೆ ತೋರಿಸುತ್ತಿದ್ದುದು ಇಪ್ಪತ್ತೊಂದು.

ಮೊತ್ತದ ಮನೆಯ ಮೇಲೆ ಮೌಸನ್ನು ಇಟ್ಟೆ. ಒಳಗೆ ಸೂತ್ರವಿರಲಿಲ್ಲ; ೨೧ ಎಂಬ ಬರಿಯ ಅಂಕಿ ಕಲ್ಲಿನಂತೆ ಕುಳಿತಿತ್ತು. ಎದೆ ಧಸಕ್ಕೆಂದಿತು. ೧೧೪ ಮನೆಗಳನ್ನೂ ಒಂದೊಂದಾಗಿ ನೋಡಿದೆ. ಅಂಥವು ಇನ್ನೂ ಮೂರು ಇದ್ದುವು. ನಾಲ್ವರೂ ಕಾಯಿಲೆ ಬಿದ್ದು ಮರುಪರೀಕ್ಷೆ ಬರೆದವರು. ನಾಲ್ವರಿಗೂ ಅಂಕ ತಗ್ಗಿತ್ತು. ಪಟ್ಟಿ ಇನ್ನೂ ವಿಶ್ವವಿದ್ಯಾನಿಲಯಕ್ಕೆ ಹೋಗಿರಲಿಲ್ಲವಾಗಿ ತಿದ್ದುವುದು ಸಾಧ್ಯವಾಯಿತು. ಆದರೆ ಉಳಿದ ಮೂವರು ಬಂದು ಕೇಳಿಯೇ ಇರಲಿಲ್ಲ. ಈ ಹುಡುಗಿಯಾದರೂ ಬಂದದ್ದು ತನ್ನ ತಪ್ಪನ್ನು ಹುಡುಕಲಿಕ್ಕೆ. ಮುದ್ರಿಸಿದ ಹಾಳೆಯ ಮೇಲೆ ಅವಳಿಗೆ ಅನುಮಾನ ಬರಲಿಲ್ಲ. ತನ್ನ ಮೇಲೆಯೇ ಬಂತು. ಆ ಒಂದು ದಿನ ಅವಳು ತನ್ನನ್ನು ದಡ್ಡಿಯೆಂದು ನಂಬಿದ್ದಳಲ್ಲ, ಅದನ್ನು ತಿದ್ದುಪಡಿಯ ಯಾವ ಪತ್ರದಿಂದಲೂ ತಿದ್ದಲಾಗದು.

ಹಿರಿಯರ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವೊಂದು ಮಾತು ಹೇಳುತ್ತೇವೆ: ಏನೂ ತಿಳಿಯದ ಲಿಪಿಕಾರನಿಗಿಂತ ಅಷ್ಟಿಷ್ಟು ತಿಳಿದ ಲಿಪಿಕಾರನೇ ಹೆಚ್ಚು ಅಪಾಯಕಾರಿ. ತಿಳಿಯದವನು ಕಂಡದ್ದನ್ನು ಕಂಡಂತೆ ಬರೆಯುತ್ತಾನೆ. ತಿಳಿದವನು ಓಲೆಗರಿಯ ಪಾಠವನ್ನು ತನಗೆ ತೋಚಿದಂತೆ 'ಸರಿಪಡಿಸು'ತ್ತಾನೆ. ನನ್ನ ಸಹೋದ್ಯೋಗಿಗಳನ್ನು ಈ ಎರಡನೆಯ ಜಾತಿಗೆ ಸೇರಿಸಿ ಮನಸ್ಸಿನಲ್ಲಿಯೇ ತೀರ್ಪು ಕೊಟ್ಟೆ. ಏಕೆ ಹೀಗೆ ಮಾಡಿದಿರೆಂದು ಅವರನ್ನು ಕೇಳಲಿಲ್ಲ. ಕೇಳುವುದು ಅವಿನಯವಾದೀತೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ, ಕೇಳಿದ್ದರೆ ನನ್ನ ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತು.

ಮುಂದಿನ ಸೆಮೆಸ್ಟರಿಗೆ ಬೀಗ ತಂದೆ. ಎಕ್ಸೆಲ್ಲಿನಲ್ಲಿ 'ರಿವ್ಯೂ' ಎಂಬ ಪಟ್ಟಿಯ ಕೆಳಗೆ 'ಪ್ರೊಟೆಕ್ಟ್ ಶೀಟ್' ಎಂಬ ಗುಂಡಿಯಿದೆ. ಅದನ್ನೊತ್ತಿ, ಗುಪ್ತಪದವೊಂದನ್ನು ಕೊಟ್ಟು, ಮದುವೆಯೊಂದರ ನಿಮಿತ್ತ ಮಲೆನಾಡಿನ ನಮ್ಮ ಹಳ್ಳಿಗೆ ಹೊರಟುಹೋದೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಬೇಕಾದರೆ ಹಿಂದಿನ ಗುಡ್ಡ ಹತ್ತಬೇಕು. ಮದುವೆಯ ಗಲಾಟೆಯಲ್ಲಿ ಗುಡ್ಡ ಹತ್ತುವವರು ಯಾರು?

ನನಗೆ ತಿಳಿಯದಿದ್ದುದು ಇಷ್ಟು. ಎಕ್ಸೆಲ್ಲಿನ ಒಂದು ಹಾಳೆಯಲ್ಲಿ ೧೦,೪೮,೫೭೬ ಅಡ್ಡಸಾಲುಗಳೂ ೧೬,೩೮೪ ಉದ್ದಸಾಲುಗಳೂ ಇವೆ. ಎಂದರೆ ೧,೭೧೭ ಕೋಟಿಗೂ ಮೀರಿದ ಮನೆಗಳು. ಈ ಮನೆಗಳೆಲ್ಲವೂ ಹುಟ್ಟುವಾಗಲೇ 'ಲಾಕ್ಡ್' ಎಂಬ ಗುರುತನ್ನು ಹೊತ್ತು ಹುಟ್ಟುತ್ತವೆ. ಹಾಳೆಗೆ ರಕ್ಷಣೆಯನ್ನು ವಿಧಿಸುವವರೆಗೆ ಆ ಗುರುತು ಮಲಗಿರುತ್ತದೆ. ವಿಧಿಸಿದ ಮರುಕ್ಷಣ ಎಚ್ಚರಗೊಳ್ಳುತ್ತದೆ. ನಾನು ಸೂತ್ರಕ್ಕೆ ಬೀಗ ಹಾಕಿದೆನೆಂದುಕೊಂಡಿದ್ದೆ. ಹಾಕಿದ್ದು ಊರಿಗೆಲ್ಲ. ಅಂಕ ತುಂಬಬೇಕಾದ ಮನೆಗಳೂ ಮುಚ್ಚಿಹೋಗಿದ್ದುವು.

ಹಳ್ಳಿಯಿಂದ ಮರಳಿದಾಗ ನನ್ನ ಮೇಜಿನ ಮೇಲೆ ಗುಂಡುಸೂಜಿ ಚುಚ್ಚಿದ ಕೆಲವು ಹಾಳೆಗಳಿದ್ದುವು. ಕೈಯಿಂದ ಗೆರೆ ಹೊಡೆದು, ನೀಲಿ ಶಾಯಿಯಲ್ಲಿ ೧೧೪ ಹೆಸರು, ೧೧೪ ಮೊತ್ತ. ಅಂಕ ಒಪ್ಪಿಸುವ ಕಡೆಯ ದಿನ ಬಂದುಬಿಟ್ಟಿತ್ತು. ಕಂಪ್ಯೂಟರು ಮುಟ್ಟಿದಲ್ಲೆಲ್ಲ 'ರಕ್ಷಿತ ಹಾಳೆ' ಎಂದು ಗದರುತ್ತಿತ್ತು. ಹಿರಿಯರು ರಾತ್ರಿ ಎಂಟರವರೆಗೆ ಒಬ್ಬರೇ ಕುಳಿತು ಕೈಯಿಂದ ಪಟ್ಟಿ ಮಾಡಿ ಕಚೇರಿಗೆ ಕೊಟ್ಟಿದ್ದರು. ನನಗಾಗಿ ಒಂದು ಪ್ರತಿಯನ್ನೂ ತೆಗೆದಿಟ್ಟಿದ್ದರು. ಆಮೇಲೆ ನಾನು ಅವನ್ನು ಕಂಪ್ಯೂಟರಿಗೆ ಉಣಿಸಿ ಹೋಲಿಸಿದೆ. ಒಂದು ಮೊತ್ತವೂ ತಪ್ಪಿರಲಿಲ್ಲ.

ಸಂಜೆ ಕಾಫಿಯ ಹೊತ್ತಿಗೆ ಅವರು ಒಂದೇ ಮಾತು ಕೇಳಿದರು: "ನೀವು ಬೀಗ ಹಾಕಿದ್ದು ಲೆಕ್ಕಕ್ಕೋ, ನನಗೋ?"

ನಾನು ತಡವರಿಸಿದೆ. ಹಿಂದಿನ ಸೆಮೆಸ್ಟರಿನ ೨೧ರ ವಿಷಯವನ್ನು ಹೇಳಲೇಬೇಕಾಯಿತು. ಅವರು ಕಣ್ಣರಳಿಸಿ ಕೇಳಿದರು. "ಅಯ್ಯೋ, ಆ ಮಗುವಿಗೆ ಹಾಗಾಯಿತೇ? ನನಗೇಕೆ ಹೇಳಲಿಲ್ಲ ನೀವು?" ಎಂದು ನೊಂದುಕೊಂಡರು. ಆಮೇಲೆ ತಿಳಿಯಿತು ನಡೆದದ್ದು. ಹುಡುಗಿ ಪರೀಕ್ಷೆಗೆ ಬಾರದಿದ್ದಾಗ ಅವರು ಸೊನ್ನೆ ಬರೆಯಲೊಲ್ಲದೆ 'ಗೈರು' ಎಂದು ಬರೆದಿದ್ದರು. ಬಾರದಿರುವುದು ಬೇರೆ, ಬಂದು ಸೊನ್ನೆ ಪಡೆಯುವುದು ಬೇರೆ. ಮೂವತ್ತು ವರ್ಷದ ರಿಜಿಸ್ಟರಿನ ಧರ್ಮ ಅದು. ನನ್ನ ಸೂತ್ರಕ್ಕೆ ಆ ಧರ್ಮ ತಿಳಿಯದು. ಅಕ್ಷರವನ್ನು ಅಂಕಿಗೆ ಕೂಡಲಾರದೆ ಅದು ಮೊತ್ತದ ಮನೆಯಲ್ಲಿ '#ವ್ಯಾಲ್ಯೂ!' ಎಂದು ಕಿರಿಚಿಕೊಂಡಿತು. ಹಾಳೆ ಕೆಟ್ಟಿತೆಂದು ಗಾಬರಿಯಾಗಿ, ಇದ್ದ ಅಂಕಗಳನ್ನೇ ಕೂಡಿ, ಸದ್ಯಕ್ಕೆಂದು ಅವರು ಅಲ್ಲಿ ೨೧ ಬರೆದರು. ಮರುಪರೀಕ್ಷೆಯಾದ ಮೇಲೆ 'ಗೈರು' ಅಳಿಸಿ ೧೮ ತುಂಬಿದರು. ಮೊತ್ತ ತಾನಾಗಿ ತಿದ್ದಿಕೊಳ್ಳುತ್ತದೆಂದು ನಂಬಿದರು. ಹಾಗೆ ನಂಬುವಂತೆ ಹೇಳಿಕೊಟ್ಟಿದ್ದವನು ನಾನೇ.

"ಏನು ಮಾಡಲಿ? ನನಗೆ ಗೊತ್ತಿದ್ದುದನ್ನು ಬರೆಯುವುದಕ್ಕೆ ನಿಮ್ಮ ಹಾಳೆಯಲ್ಲಿ ಜಾಗವಿರಲಿಲ್ಲ," ಎಂದರು.

ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ತಪ್ಪು ಕೈಯದಲ್ಲ, ಕೈಗೆ ಬೇಕಾದ ಎಡೆಯನ್ನು ಕೊಡದೆ ಹೋದ ಹಾಳೆಯದು. ಅದರ ಫಲ ಯಾರ ಮೇಲೆ ಬಿತ್ತು? ಕಾಯಿಲೆ ಬಿದ್ದವರ ಮೇಲೆ ಮಾತ್ರ. ಆರೋಗ್ಯವಾಗಿದ್ದ ೧೧೦ ಮಂದಿಯ ಸಾಲಿನಲ್ಲಿ ಸೂತ್ರ ಸುಖವಾಗಿತ್ತು.

ಮರುದಿನ ಇಬ್ಬರೂ ಜೊತೆಯಾಗಿ ಕುಳಿತು ಹಾಳೆಯನ್ನು ಹೊಸದಾಗಿ ಕಟ್ಟಿದೆವು. ಮೊದಲು ಸೂತ್ರವನ್ನು ತಿದ್ದಿದೆವು. ಎರಡು ಪರೀಕ್ಷೆಗಳ ಮನೆಗಳಲ್ಲಿಯೂ ಅಂಕಿಯಿದ್ದರೆ ಮಾತ್ರ ಮೊತ್ತ ಬರಲಿ. ಇಲ್ಲವಾದರೆ 'ಬಾಕಿ' ಎಂದು ತೋರಲಿ. ಆಮೇಲೆ ಬೀಗದ ಕೆಲಸ. ಇದರ ಕ್ರಮವೇ ಇದರ ನೀತಿಯೂ ಆಗಿದೆ. ಮೊದಲು ತೆರೆಯಬೇಕು, ಆಮೇಲೆ ಮುಚ್ಚಬೇಕು. ಇತರರು ತುಂಬಬೇಕಾದ ಮನೆಗಳನ್ನೆಲ್ಲ ಆರಿಸಿಕೊಂಡು, 'ಫಾರ್ಮ್ಯಾಟ್ ಸೆಲ್ಸ್' ಎಂಬಲ್ಲಿ 'ಪ್ರೊಟೆಕ್ಷನ್' ಪುಟಕ್ಕೆ ಹೋಗಿ, 'ಲಾಕ್ಡ್' ಎಂಬುದರ ಮುಂದಿನ ಗುರುತನ್ನು ತೆಗೆಯಬೇಕು. ಅನಂತರ 'ಪ್ರೊಟೆಕ್ಟ್ ಶೀಟ್' ಒತ್ತಬೇಕು. ತೆರೆದ ಮನೆಗಳಿಗೆ ತಿಳಿಹಳದಿ ಬಣ್ಣ ಬಳಿದೆವು. ಹಳದಿಯಲ್ಲಿ ಯಾರು ಬೇಕಾದರೂ ಬರೆಯಬಹುದು. ಬಿಳಿಯದನ್ನು ಮುಟ್ಟಿದರೆ ಹಾಳೆ ಒಪ್ಪದು. ಹಲವರು ಒಟ್ಟಿಗೆ ಬಳಸುವ ಗೂಗಲ್ ಶೀಟ್ಸ್‌ನಲ್ಲಿಯೂ ಇಡೀ ಹಾಳೆಯನ್ನು ರಕ್ಷಿಸಿ, 'ಇಂತಿಂಥ ಮನೆಗಳನ್ನು ಬಿಟ್ಟು' ಎಂದು ಹೇಳುವ ಸೌಲಭ್ಯವಿದೆ. ದೇವಸ್ಥಾನದ ಹುಂಡಿಯನ್ನು ನೋಡಿ. ಅದಕ್ಕೆ ದಪ್ಪನೆಯ ಬೀಗವಿರುವುದೇನೋ ನಿಜ. ಆದರೆ ಮೇಲೊಂದು ಕಂಡಿಯಿದೆ. ಕಂಡಿಯಿಲ್ಲದ ಹುಂಡಿಯನ್ನು ಮಾಡಿ ಭಕ್ತರಿಲ್ಲವೆಂದು ದೂರಿದರೆ ಯಾರು ಒಪ್ಪುವರು? ನಾನು ಮಾಡಿದ್ದು ಅಂಥ ಹುಂಡಿ.

ಕಂಡಿಗೂ ಒಂದು ಅಳತೆ ಬೇಕೆಂದವರು ಹಿರಿಯರೇ. ೧೮ರ ಬದಲು ೮೧ ಒತ್ತಿದರೆ ಏನು ಗತಿ? 'ಡೇಟಾ ವ್ಯಾಲಿಡೇಶನ್' ಎಂಬ ಏರ್ಪಾಡಿನಿಂದ ಆ ಮನೆಗಳು ಸೊನ್ನೆಯಿಂದ ೨೦ರವರೆಗಿನ ಅಂಕಿಯನ್ನು, ಇಲ್ಲವೆ 'ಗೈರು' ಎಂಬ ಪದವನ್ನು ಮಾತ್ರ ಒಪ್ಪುವಂತೆ ಮಾಡಿದೆವು. "ಇದು ನಮ್ಮ ಭಾಮಿನಿ ಷಟ್ಪದಿಯಲ್ಲವೆ!" ಎಂದು ಅವರು ನಕ್ಕರು. ನಿಜವೇ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ೧೪ ಮಾತ್ರೆ. ಮೂರಕ್ಕೂ ಆರಕ್ಕೂ ೨೩. ಪದ ಯಾವುದಿರಲಿ, ಕವಿಗೆ ಸ್ವಾತಂತ್ರ್ಯವುಂಟು. ಲೆಕ್ಕ ಮಾತ್ರ ಕದಲದು. ಲಿಪಿಕಾರನು ಒಂದಕ್ಷರ ನುಂಗಿದರೆ ಛಂದಸ್ಸು ಕುಂಟಿ ಚಾಡಿ ಹೇಳುತ್ತದೆ. ಆದರೆ ಮಾತ್ರೆ ಸರಿಯಾಗಿರುವ ತಪ್ಪು ಪದವನ್ನು ಛಂದಸ್ಸು ಹಿಡಿಯಲಾರದು; ಹಾಗೆಯೇ ೧೮ರ ಬದಲು ೧೬ ಬರೆದರೆ ನಮ್ಮ ಕಾವಲೂ ಹಿಡಿಯಲಾರದು. ಇನ್ನೊಂದು ಕಳ್ಳದಾರಿಯೂ ಇದೆ. ಬೇರೆಡೆಯಿಂದ ನಕಲು ಮಾಡಿ ತಂದು ಅಂಟಿಸಿದ ಅಂಕಿಯನ್ನು ಈ ಕಾವಲು ತಡೆಯದು. ಆದುದರಿಂದ ಅಂಟಿಸಬಾರದು, ಕೈಯಾರೆ ತುಂಬಬೇಕು ಎಂಬ ಒಂದು ಸಾಲನ್ನು ಹಾಳೆಯ ನೆತ್ತಿಯ ಮೇಲೆ ಬರೆದಿಟ್ಟೆವು.

ಅದೇ 'ಪ್ರೊಟೆಕ್ಷನ್' ಪುಟದಲ್ಲಿ 'ಹಿಡನ್' ಎಂಬ ಇನ್ನೊಂದು ಗುರುತಿದೆ. ಅದನ್ನು ಹಾಕಿ ರಕ್ಷಣೆ ಕೊಟ್ಟರೆ ಸೂತ್ರ ಯಾರ ಕಣ್ಣಿಗೂ ಬೀಳದು. ನಾವು ಅದನ್ನು ಹಾಕಲಿಲ್ಲ. ಹಾಕಬಾರದೆನ್ನುವುದಕ್ಕೆ ಒಳ್ಳೆಯ ಸಾಕ್ಷಿಯೊಂದಿದೆ. ೨೦೧೦ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ದೇಶಗಳ ಸಾಲಕ್ಕೂ ಬೆಳವಣಿಗೆಗೂ ಇರುವ ಸಂಬಂಧವನ್ನು ಕುರಿತು ಒಂದು ಲೇಖನ ಪ್ರಕಟಿಸಿದರು. ಸರಕಾರಗಳ ನೀತಿಚರ್ಚೆಯಲ್ಲಿ ಅದಕ್ಕೆ ಬಹಳ ಬೆಲೆ ಬಂತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನ ವಿದ್ಯಾರ್ಥಿ ಅವರ ಎಕ್ಸೆಲ್ ಹಾಳೆಯನ್ನೇ ಕೇಳಿ ಪಡೆದು ಪರಿಶೀಲಿಸಿದಾಗ, ಸರಾಸರಿಯ ಸೂತ್ರ ೨೦ ದೇಶಗಳ ಬದಲು ೧೫ನ್ನು ಮಾತ್ರ ಒಳಗೊಂಡಿದ್ದುದು ಕಂಡುಬಂತು. ೨೦೧೩ರಲ್ಲಿ ಅದು ಲೋಕಕ್ಕೆಲ್ಲ ತಿಳಿಯಿತು. ಆ ಲೋಪವನ್ನು ಲೇಖಕರೂ ಒಪ್ಪಿಕೊಂಡರು. ಬೇರೆ ಆಕ್ಷೇಪಗಳ ವಾದ ಅದಿರಲಿ. ಸೂತ್ರ ಕಣ್ಣಿಗೆ ಕಾಣುವಂತಿದ್ದುದರಿಂದಲೇ ಒಬ್ಬ ವಿದ್ಯಾರ್ಥಿ ವಿದ್ವಾಂಸರನ್ನು ತಿದ್ದುವುದು ಸಾಧ್ಯವಾಯಿತು. ಸೂತ್ರಕ್ಕೆ ಬೀಗವಿರಲಿ, ಪರದೆ ಬೇಡ. ನಮ್ಮ ಹುಡುಗಿ ಮತ್ತೊಮ್ಮೆ ಬಾಗಿಲಿಗೆ ಬಂದರೆ ಮೊತ್ತ ಹೇಗೆ ಬಂತೆಂದು ಅವಳಿಗೆ ತೋರಿಸುವಂತಿರಬೇಕು.

ಗುಪ್ತಪದದ ಮಾತೂ ಬಂತು. ಈ ರಕ್ಷಣೆ ಭದ್ರತೆಗಾಗಿ ಮಾಡಿದ್ದಲ್ಲವೆಂದು ಮೈಕ್ರೋಸಾಫ್ಟಿನವರೇ ಹೇಳುತ್ತಾರೆ. ಕೈತಪ್ಪನ್ನು ತಡೆಯುವ ಬೇಲಿಯೇ ಹೊರತು ಕಳ್ಳನನ್ನು ತಡೆಯುವ ಕೋಟೆಯಲ್ಲ ಅದು. ಹಟ ಹಿಡಿದವನು ದಾಟಿಯೇ ದಾಟುತ್ತಾನೆ. ಮರೆತ ಗುಪ್ತಪದವನ್ನು ಅವರೂ ಹುಡುಕಿಕೊಡಲಾರರು. ಬೀಗದ ಕೈ ಮರೆಯುವುದರಲ್ಲಿ ನನ್ನ ಖ್ಯಾತಿಯನ್ನು ಓದುಗರು ಆಗಲೇ ಬಲ್ಲರು. ಆದುದರಿಂದ ಅದನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು, ವಿಭಾಗದ ಕಪಾಟಿನಲ್ಲಿ ಇರಿಸಿದೆವು. ಯಾರಿಗಾದರೂ ಬೇಕಾದರೆ ಒಡೆಯಬಹುದು. ಒಡೆದವರು ಲಕೋಟೆಯ ಮೇಲೆ ಹೆಸರು, ದಿನಾಂಕ ಬರೆಯಬೇಕು.

ಆ ಲಕೋಟೆಯನ್ನು ಈವರೆಗೆ ಒಡೆದದ್ದು ಒಂದೇ ಸಲ. ಅದರ ಮೇಲಿರುವ ಹೆಸರು ನನ್ನದು. ಒಂದು ರಾತ್ರಿ ತೂಕಡಿಸುತ್ತ ಅಂಕ ತುಂಬುವಾಗ ನನ್ನ ಕೈ ಮೊತ್ತದ ಮನೆಗೇ ಹೋಯಿತು. ಹಾಳೆ ನನ್ನನ್ನೂ ಗದರಿತು. ಸಿಟ್ಟಿನಿಂದ ಮಾರನೆಯ ದಿನ ಲಕೋಟೆ ಒಡೆದು ಬೀಗ ತೆಗೆದು ನೋಡಿದರೆ, ತಪ್ಪು ನನ್ನದೇ. ಹಿರಿಯರಿಗೆ ಹೇಳಿದೆ. "ಸಂತೋಷ. ಹಾಗಾದರೆ ಅದು ನನಗೆ ಹಾಕಿದ ಬೀಗವಲ್ಲ," ಎಂದರು. ಅವರು ಈಗ ನಿವೃತ್ತರಾಗಿದ್ದಾರೆ. 'ಗೈರು' ಎಂಬ ಪದಕ್ಕೆ ಹಾಳೆಯಲ್ಲಿ ಅವರು ಮಾಡಿಸಿಕೊಟ್ಟ ಜಾಗ ಹಾಗೆಯೇ ಇದೆ.

ಮೊನ್ನೆ ಊರಿಗೆ ಹೊರಟಾಗ ನನ್ನ ಹೆಂಡತಿ ವಾಡಿಕೆಯಂತೆ ತಿರುವಿನಿಂದ ಹಿಂದಿರುಗಿ ನಾಲ್ಕನೆಯ ಸಲ ಬೀಗವನ್ನು ಜಗ್ಗಿದಳು. ಈ ಸಲ ನಾನು ನಗಲಿಲ್ಲ. ಅವಳ ಹಿಂದೆಯೇ ಹೋಗಿ, ಅಂಚೆಯವನು ಕಾಗದ ಹಾಕುವ ಬಾಗಿಲ ಕಂಡಿ ತೆರೆದಿದೆಯೇ ಎಂದು ಬೆರಳಿಟ್ಟು ನೋಡಿದೆ. ತೆರೆದಿತ್ತು. ನಿಶ್ಚಿಂತೆಯಿಂದ ಬಸ್ಸು ಹತ್ತಿದೆವು.